ಮೊಬೈಲಿನ ವೈರಸ್ಸೂ ಓದುವ ವಿದ್ಯೆಯೂ

ಈ ಶಾಲೆಯಲ್ಲಿ ಅಧ್ಯಾಪಕನಾಗಿದ್ದಷ್ಟು ಕಾಲವೂ ಪರೀಕ್ಷೆಯ ದಿನ ನಾನು ಮಕ್ಕಳಿಗೆ ಹೇಳುತ್ತಿದ್ದ ಮಾತು ಒಂದೇ: “ಪ್ರಶ್ನೆಯನ್ನು ಪೂರ್ತಿ ಓದಿದ ಮೇಲೆಯೇ ಉತ್ತರ ಬರೆಯಿರಿ.” ನಿವೃತ್ತನಾದ ಬಳಿಕ ಆ ಮಾತನ್ನು ನಾನೇ ಮರೆತೆನೆಂಬುದನ್ನು ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಸಂಕೋಚದಿಂದಲೇ ನಿವೇದಿಸಿಕೊಳ್ಳುತ್ತೇನೆ.

ಕಳೆದ ವರ್ಷ ಪರಿಚಿತರೊಬ್ಬರ ಸಂಖ್ಯೆಯಿಂದ ನನ್ನ ವಾಟ್ಸಾಪಿಗೆ ಮದುವೆಯ ಕರೆಯೋಲೆಯೊಂದು ಬಂದಿತು. ತೆರೆಯಹೋದಾಗ ಮೊಬೈಲು ಇಂಗ್ಲಿಷಿನಲ್ಲಿ ಏನನ್ನೋ ಕೇಳಿತು, ಒಪ್ಪಿಗೆಯೆಂದು ಒತ್ತಿದೆ. ಮತ್ತೆ ಕೇಳಿತು, ಮತ್ತೆ ಒತ್ತಿದೆ. ಇದೇ ಶಾಲೆಯ ಏಳನೆಯ ತರಗತಿಯಲ್ಲಿರುವ ಮೊಮ್ಮಗಳು ಪರದೆಯನ್ನು ಓದಿ ಕೇಳಿದಳು: “ಅಜ್ಜ, ಮದುವೆಯ ಕಾಗದಕ್ಕೆ ನಿಮ್ಮ ಸಂದೇಶಗಳನ್ನೆಲ್ಲ ಓದುವ ಅನುಮತಿ ಯಾಕೆ?” ಅದು ಕರೆಯೋಲೆಯಾಗಿರಲಿಲ್ಲ, ಬ್ಯಾಂಕು ಕಳುಹಿಸುವ ಒಟಿಪಿಯನ್ನು ಕದ್ದು ಓದುವ ತಂತ್ರಾಂಶವಾಗಿತ್ತು. ಕೂಡಲೇ ಇಂಟರ್‌ನೆಟ್ ಸಂಪರ್ಕ ಕಡಿದು, ಬೇರೊಂದು ಫೋನಿನಿಂದ ಬ್ಯಾಂಕಿಗೆ ತಿಳಿಸಿದ್ದರಿಂದ ನನ್ನ ನಿವೃತ್ತಿವೇತನ ಉಳಿಯಿತು. ಆದರೆ ಅಷ್ಟರೊಳಗೆ ಅದೇ ಕರೆಯೋಲೆ ನನ್ನ ಹೆಸರಿನಲ್ಲಿ ಹಲವು ಹಳೆಯ ವಿದ್ಯಾರ್ಥಿಗಳನ್ನು ತಲಪಿತ್ತು. ಮಾಸ್ಟ್ರು ಕಳುಹಿಸಿದ್ದೆಂದು ನಂಬಿ ತೆರೆದವರಲ್ಲಿ ಒಬ್ಬನ ಉಳಿತಾಯ ಹೋಯಿತು. ಆ ಭಾರ ಇಂದಿಗೂ ನನ್ನ ಮೇಲಿದೆ.

ಮೊಬೈಲಿನಿಂದ ಮೊಬೈಲಿಗೆ ಹರಡುವ ವೈರಸ್ ಮೊದಲು ಕಾಣಿಸಿಕೊಂಡದ್ದು 2004ರಲ್ಲಿ. ‘ಕ್ಯಾಬಿರ್’ ಎಂಬ ಅದು ಸಿಂಬಿಯನ್ ಮೊಬೈಲುಗಳಿಗೆ ಬ್ಲೂಟೂತ್ ಮೂಲಕ ಬರುತ್ತಿತ್ತು. ಆದರೆ ಒಡೆಯನು ‘ಹೌದು’ ಎಂದು ಒತ್ತದ ಹೊರತು ಅದಕ್ಕೆ ಒಳಗೆ ಪ್ರವೇಶವಿರಲಿಲ್ಲ. ಇಪ್ಪತ್ತು ವರ್ಷಗಳ ಮೇಲೂ ಕಳ್ಳನ ಹಾದಿ ಬಹುಮಟ್ಟಿಗೆ ಅದೇ ಆಗಿದೆ. ವೈರಸ್ ನಿರೋಧಕ ತಂತ್ರಾಂಶವೊಂದನ್ನು ಹಾಕಿಕೊಂಡರೆ ಸಾಕೆಂದು ಕೆಲವರು ಹೇಳುತ್ತಾರೆ. ಅದರಿಂದ ಸಹಾಯವುಂಟು, ಆದರೆ ಯಜಮಾನನೇ ಕೈಹಿಡಿದು ಕರೆತಂದವನನ್ನು ಕಾವಲುಗಾರನು ಎಷ್ಟೆಂದು ತಡೆದಾನು? ಮೊಬೈಲನ್ನೇ ದೂರವಿಡಬೇಕೆಂಬ ಮಾತೂ ಇಂದು ನಡೆಯುವಂತಹುದಲ್ಲ.

ಓದಿ ಒಪ್ಪುವುದೇ ನಿಜವಾದ ರಕ್ಷಣೆಯೆಂದು ನನ್ನ ಅಭಿಪ್ರಾಯ. ಕಡತದ ಹೆಸರು ‘ಎಪಿಕೆ’ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿಂದ ಕೊನೆಗೊಂಡರೆ ಅದು ಚಿತ್ರವೂ ಅಲ್ಲ, ಪತ್ರವೂ ಅಲ್ಲ. ಆಂಡ್ರಾಯ್ಡ್ ಮೊಬೈಲಿನಲ್ಲಿ ನೆಲೆಯೂರಬಲ್ಲ ತಂತ್ರಾಂಶ. ಕಳುಹಿಸಿದವರು ಬಂಧುಗಳೇ ಆಗಿರಲಿ, ಮುಟ್ಟಬಾರದು. ಆಪ್‌ಗಳನ್ನು ಪ್ಲೇ ಸ್ಟೋರಿನಿಂದಲೇ ಪಡೆಯಬೇಕು. ಅಲ್ಲಿಯೂ ಕೇಳುವ ಅನುಮತಿಗಳನ್ನು ಓದಬೇಕು. ಟಾರ್ಚಿನ ಆಪ್‌ಗೆ ನಮ್ಮ ಸಂದೇಶಗಳು ಬೇಕಿಲ್ಲ. ಕಂಪೆನಿ ಕಳುಹಿಸುವ ಸುರಕ್ಷಾ ಅಪ್‌ಡೇಟುಗಳನ್ನು ಮುಂದೂಡಬಾರದು. ಹಣ ಹೋದದ್ದು ತಿಳಿದ ಕ್ಷಣವೇ ಬ್ಯಾಂಕಿಗೂ, 1930 ಎಂಬ ರಾಷ್ಟ್ರೀಯ ಸಹಾಯವಾಣಿಗೂ ತಿಳಿಸಬೇಕು. ಇಲ್ಲಿ ನಾಚಿಕೆಗೆ ಎಡೆಯಿಲ್ಲ.

ಕಾಸರಗೋಡಿನ ನಮ್ಮ ಹಿರಿಯರಿಗೆ ಇನ್ನೊಂದು ತೊಡಕಿದೆ. ನಾನು ಕಂಡ ಎಚ್ಚರಿಕೆಯ ಫಲಕಗಳು ಮಲೆಯಾಳದಲ್ಲಿವೆ ಅಥವಾ ಇಂಗ್ಲಿಷಿನಲ್ಲಿವೆ. ಕನ್ನಡ ಮಾತ್ರ ಬಲ್ಲವರಿಗೆ ಅವು ಬರಿಯ ಗೆರೆಗಳು. ಆದರೆ ಆಂಡ್ರಾಯ್ಡ್ ಮೊಬೈಲಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಳ್ಳಬಹುದೆಂಬುದು ಎಷ್ಟು ಮಂದಿಗೆ ಗೊತ್ತು? ಬದಲಿಸಿದರೆ ಅನುಮತಿಯ ಪ್ರಶ್ನೆ ಕನ್ನಡದಲ್ಲಿಯೇ ಬರುತ್ತದೆ. ನಾನು ಬದಲಿಸಿಕೊಂಡಿದ್ದೇನೆ, ಕಲಿಸಿದವಳು ಮೊಮ್ಮಗಳು.

ಆದುದರಿಂದ ಶಾಲೆಯಲ್ಲಿ ನನ್ನದೊಂದು ವಿನಂತಿ. ತಿಂಗಳಿಗೊಂದು ಶನಿವಾರ ಊರ ಹಿರಿಯರನ್ನು ಬರಮಾಡಿಕೊಂಡು, ಮಕ್ಕಳಿಂದಲೇ ಅವರಿಗೆ ಈ ಪಾಠವನ್ನು ಕನ್ನಡದಲ್ಲಿ ಹೇಳಿಸಬೇಕು. ಐವತ್ತು ವರ್ಷ ಅಕ್ಷರ ಕಲಿಸಿದ ಈ ಶಾಲೆಗೆ ಇದು ಹೊಸ ಕೆಲಸವೇನೂ ಅಲ್ಲ. ಮೊದಲ ಬೆಂಚಿನಲ್ಲಿ ಕುಳಿತುಕೊಳ್ಳಲು ನಾನು ಸಿದ್ಧನಿದ್ದೇನೆ.