ಸೋರುವ ರೇಡಿಯೇಟರ್: ಬೆಸುಗೆಯೋ, ಹೊಸದೋ?

ಬೆಳಗ್ಗೆ ಕಾರಿನಡಿಯಲ್ಲಿ ನೀರು ನಿಂತುದನ್ನು ಕಂಡ ಗೃಹಸ್ಥನಿಗೆ ಮೊದಲು ತೋರುವುದು ಖರ್ಚಿನ ಚಿಂತೆ. ಬೆಸುಗೆ ಅಗ್ಗ, ಹೊಸ ರೇಡಿಯೇಟರ್ ದುಬಾರಿ ಎಂಬ ಲೆಕ್ಕ ಮೇಲ್ನೋಟಕ್ಕೆ ಸರಿಯೇ. ಆದರೆ ಇಲ್ಲಿ ಪಣಕ್ಕಿರುವುದು ರೇಡಿಯೇಟರಿನ ಬೆಲೆಯಲ್ಲ, ಎಂಜಿನಿನ ಆಯುಸ್ಸು.

ಎಂಜಿನಿನ ಕಾವನ್ನು ಹೊತ್ತುತಂದ ಕೂಲೆಂಟ್ ದ್ರವವು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಹರಿದು, ಆ ಕಾವನ್ನು ಗಾಳಿಗೆ ಒಪ್ಪಿಸುತ್ತದೆ. ಅಡುಗೆಮನೆಯ ಪ್ರೆಷರ್ ಕುಕ್ಕರಿನಂತೆ ಇಲ್ಲಿಯೂ ಬಿಗಿ ಮುಚ್ಚಳವೊಂದು ಒತ್ತಡವನ್ನು ಕಾಯುತ್ತದೆ. ತೆರೆದ ಪಾತ್ರೆಯ ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿದರೆ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಒತ್ತಡವಿದ್ದರೆ ಮಾತ್ರ ಅದಕ್ಕಿಂತ ಹೆಚ್ಚಿನ ಕಾವನ್ನು ಕುದಿಯದೆ ತಾಳಬಲ್ಲದು. ಸೋರಿದಾಗ ನೀರಿನೊಡನೆ ಒತ್ತಡವೂ ಹೋಗುತ್ತದೆ. ಆಗುಂಬೆಯಂಥ ಘಟ್ಟವನ್ನು ಏರುವಾಗ ದ್ರವವು ಕುದಿದು ಬತ್ತಿತೆಂದರೆ ಸಿಲಿಂಡರ್ ಹೆಡ್ ಸೊಟ್ಟಗಾಗಬಹುದು, ಗ್ಯಾಸ್ಕೆಟ್ ಸುಟ್ಟುಹೋಗಬಹುದು. ಆಗ ತೆರಬೇಕಾದ ಹಣದ ಮುಂದೆ ಹೊಸ ರೇಡಿಯೇಟರಿನ ಬೆಲೆ ಅಲ್ಪವೆನಿಸುವುದು.

ಆದುದರಿಂದ ಮೊದಲು ತಪ್ಪು ಯಾರದೆಂದು ತಿಳಿಯಬೇಕು. ಬಣ್ಣವಿಲ್ಲದ ತಿಳಿನೀರಾದರೆ ಅದು ಎ.ಸಿ.ಯಿಂದ ತೊಟ್ಟಿಕ್ಕಿದ ನೀರಿರಬಹುದು. ಹಸಿರೋ ಕೆಂಪೋ ಆಗಿದ್ದರೆ ಕೂಲೆಂಟ್ ಎಂದು ಸಂಶಯಿಸಬೇಕು. ಆಗಲೂ ರಬ್ಬರ್ ಹೋಸ್, ಅದರ ಕ್ಲಿಪ್, ಮುಚ್ಚಳ, ವಾಟರ್ ಪಂಪ್ ಇವುಗಳನ್ನು ಪರೀಕ್ಷಿಸದೆ ರೇಡಿಯೇಟರಿನ ಮೇಲೆ ದೂರು ಹೊರಿಸುವುದು ನ್ಯಾಯವಲ್ಲ. ತಣ್ಣಗಿರುವಾಗ ಕೈಪಂಪಿನಿಂದ ಒತ್ತಡ ಕೊಟ್ಟು ನೋಡಿದರೆ ಸೋರುವ ಜಾಗ ಸಾಮಾನ್ಯವಾಗಿ ಗೊತ್ತಾಗುತ್ತದೆ.

ತಪ್ಪು ರೇಡಿಯೇಟರಿನದೇ ಆದರೆ, ತೀರ್ಮಾನವು ಅದರ ಲೋಹವನ್ನು ಅವಲಂಬಿಸಿದೆ. ಹಿಂದಿನ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿದ್ದುದು ತಾಮ್ರ-ಹಿತ್ತಾಳೆಯ ರೇಡಿಯೇಟರ್. ಅದಕ್ಕೆ ಬೆಸುಗೆ ಚೆನ್ನಾಗಿ ಹಿಡಿಯುತ್ತದೆ; ಒಂದೆರಡು ತೂತುಗಳಿದ್ದರೆ ದುರಸ್ತಿಯೇ ಜಾಣತನ. ತಗಡಿನ ರೆಕ್ಕೆಗಳು ಬೆರಳು ತಾಕಿದೊಡನೆ ಉದುರುವಂತಿದ್ದರೆ ಮಾತ್ರ ಆಸೆ ಬಿಡುವುದು ಲೇಸು. ಇಂದು ಒಂದು ತೂತು ಮುಚ್ಚಿದರೆ ನಾಳೆ ಇನ್ನೊಂದು ತೆರೆಯುತ್ತದೆ.

ಇಂದಿನ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು ಅಲ್ಯೂಮಿನಿಯಂ ಕೊಳವೆಗಳು ಮತ್ತು ಎರಡು ಕೊನೆಗಳಲ್ಲಿ ಪ್ಲಾಸ್ಟಿಕ್ ತೊಟ್ಟಿಗಳು. ಕಾವಿಗೆ ಬೆಂದು ಬಿರಿದ ಪ್ಲಾಸ್ಟಿಕ್ಕನ್ನು ಅಂಟಿನಿಂದ ಕೂಡಿಸಿದರೆ ಒತ್ತಡದೆದುರು ಅದು ಬಹುಕಾಲ ನಿಲ್ಲದು. ಕಲ್ಲು ಬಡಿದು ಅಲ್ಯೂಮಿನಿಯಂ ಕೊಳವೆ ತೂತಾಗಿದ್ದರೆ ನುರಿತವರು ಬೆಸೆಯಬಲ್ಲರು. ಆದರೆ ರೇಡಿಯೇಟರ್ ಹಳೆಯದಾಗಿದ್ದಲ್ಲಿ ಹೊಸದನ್ನು ಕೂಡಿಸುವುದೇ ಮೇಲು. ದುರಸ್ತಿಯ ಕೂಲಿಯು ಹೊಸದರ ಬೆಲೆಯ ಸಮೀಪಕ್ಕೆ ಬಂದರಂತೂ ಮೂಗಿಗಿಂತ ಮೂಗುತಿ ಭಾರವೆಂದೇ ತಿಳಿಯಬೇಕು.

ದಾರಿಯಲ್ಲಿ ಸಿಕ್ಕಿಬಿದ್ದ ಚಾಲಕರು ರೇಡಿಯೇಟರಿಗೆ ಅರಿಶಿನದ ಪುಡಿ ಸುರಿಯುವುದುಂಟು. ಅಂಗಡಿಗಳಲ್ಲಿ ಸೋರಿಕೆ ತಡೆಯುವ ಔಷಧಿಗಳೂ ದೊರೆಯುತ್ತವೆ. ಇವು ಗ್ಯಾರೇಜ್ ತಲಪುವವರೆಗಿನ ಉಪಾಯ ಮಾತ್ರ. ತೂತು ಮುಚ್ಚುವ ಪುಡಿಯು ಒಳಗಿನ ಕಿರಿದಾದ ಕೊಳವೆಗಳನ್ನೂ ಮುಚ್ಚಬಲ್ಲದು.

ಮನೆಯವರೆಲ್ಲರೂ ಅರಿತಿರಬೇಕಾದ ಎರಡು ಎಚ್ಚರಿಕೆಗಳಿವೆ. ಎಂಜಿನ್ ಬಿಸಿಯಾಗಿರುವಾಗ ಮುಚ್ಚಳವನ್ನು ತೆರೆಯಕೂಡದು; ಚಿಮ್ಮುವ ದ್ರವದಿಂದ ಮುಖ, ಕೈ ಬೇಯುವವು. ಕೂಲೆಂಟಿನಲ್ಲಿ ಸಾಮಾನ್ಯವಾಗಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದರೂ ವಿಷ. ನೆಲದ ಮೇಲೆ ಚೆಲ್ಲಿದ್ದನ್ನು ಮಕ್ಕಳಾಗಲಿ ನಾಯಿ ಬೆಕ್ಕುಗಳಾಗಲಿ ನೆಕ್ಕುವ ಮುನ್ನವೇ ತೊಳೆದುಬಿಡಬೇಕು. ಪ್ರಯಾಣದಲ್ಲಿ ಕಾವಿನ ಮುಳ್ಳು ಕೆಂಪು ಗೆರೆಗೇರಿದರೆ, ಊರು ಹತ್ತಿರವಿದೆಯೆಂದು ಮುಂದುವರಿಯದೆ ಕಾರನ್ನು ಅಲ್ಲಿಯೇ ನಿಲ್ಲಿಸುವುದು ವಿವೇಕ.