ಬೆಳಕಿನ ಮದ್ದು ಮತ್ತು ‘ಗುರಿ’ ಎಂಬ ಮಾತು

ಅರ್ಬುದರೋಗವನ್ನು ಬೆಳಕಿನಿಂದ ನಾಶಗೊಳಿಸುವ ಚಿಕಿತ್ಸೆಯನ್ನು ಕುರಿತು ಪತ್ರಿಕೆಗಳಲ್ಲಿ ಆಗಾಗ ಉತ್ಸಾಹದ ವಾರ್ತೆಗಳು ಬರುತ್ತವೆ. ಔಷಧವನ್ನು ಹೊತ್ತ ಪಾಲಿಮರ್ ನ್ಯಾನೋಕಣಗಳು ಗುರಿಯಿಟ್ಟ ಬಾಣದಂತೆ ರೋಗದ ಗಡ್ಡೆಯನ್ನೇ ಹೊಗುವುವೆಂದು ಅಲ್ಲಿ ಬರೆದಿರುತ್ತದೆ. ಶಬ್ದಾರ್ಥವಿಚಾರವನ್ನೇ ವೃತ್ತಿಯಾಗಿ ಉಳ್ಳ ನನಗೆ ಈ ‘ಗುರಿ’ ಎಂಬ ಮಾತು ಪರೀಕ್ಷಾರ್ಹವೆಂದು ತೋರುತ್ತದೆ.

ಚಿಕಿತ್ಸೆಯ ಮೂಲತತ್ತ್ವವು ಹೊಸದಲ್ಲ. 1900ರಲ್ಲಿ ಮ್ಯೂನಿಕ್ ನಗರದ ಫಾನ್ ಟಾಪೈನರ್ ಎಂಬ ಆಚಾರ್ಯರ ಶಿಷ್ಯನಾದ ಆಸ್ಕರ್ ರಾಬ್, ಅಕ್ರಿಡಿನ್ ಎಂಬ ಬಣ್ಣದ ದ್ರಾವಣದಲ್ಲಿದ್ದ ಸೂಕ್ಷ್ಮಜೀವಿಗಳು ಬೆಳಕು ಬಿದ್ದೊಡನೆ ಬೇಗ ಸಾಯುವುದನ್ನು ಪ್ರಕಟಿಸಿದನು. ಬಣ್ಣ, ಬೆಳಕು, ಆಮ್ಲಜನಕ ಈ ಮೂರೂ ಕೂಡಿದಾಗ ಉಗ್ರಸ್ವರೂಪದ ಆಮ್ಲಜನಕವು ಹುಟ್ಟಿ ಸಮೀಪದ ಜೀವಕೋಶವನ್ನು ಕೊಲ್ಲುತ್ತದೆ. ಬಾವಂಚಿ ಬೀಜವನ್ನೂ ಬಿಸಿಲನ್ನೂ ತೊನ್ನಿಗೆ ಬಳಸಿದ ನಮ್ಮ ವೈದ್ಯರನ್ನು ಇಲ್ಲಿ ನೆನೆಯಬಹುದು. ಆದರೆ ಅದರ ಕ್ರಿಯೆಯೇ ಬೇರೆಯಾದುದರಿಂದ ‘ಎಲ್ಲವೂ ನಮ್ಮಲ್ಲಿತ್ತು’ ಎಂದು ಬೀಗುವುದು ಪಾಂಡಿತ್ಯವಲ್ಲ.

1995ರಲ್ಲಿ ಅಮೆರಿಕವು ಅನ್ನನಾಳದ ಅರ್ಬುದಕ್ಕೆ ಫೋಟೋಫ್ರಿನ್ ಎಂಬ ಔಷಧವನ್ನು ಅಂಗೀಕರಿಸಿತು. ಅದು ಚರ್ಮದಲ್ಲಿಯೂ ನಿಲ್ಲುವುದರಿಂದ ರೋಗಿಯು ಕನಿಷ್ಠ 30 ದಿನ ಬಿಸಿಲಿಗೆ ಮೈಯೊಡ್ಡುವಂತಿಲ್ಲ. ಇಂಥ ಅಲೆದಾಟವನ್ನು ತಪ್ಪಿಸಲೆಂದೇ ವಾಹಕಗಳ ಶೋಧ ನಡೆಯಿತು. ಹಲವು ಬಗೆಯ ಅರ್ಬುದಕೋಶಗಳು ಫೋಲಿಕ್ ಆಮ್ಲವನ್ನು ಹಿಡಿಯುವ ಗ್ರಾಹಕಗಳನ್ನು ಹೇರಳವಾಗಿ ಧರಿಸಿರುತ್ತವೆ. ಆದಕಾರಣ ಕಣದ ಮೈಗೆ ಆ ಆಮ್ಲವನ್ನು ಅಂಟಿಸುತ್ತಾರೆ. ಯುಕ್ತಿಯು ಮೆಚ್ಚತಕ್ಕದ್ದೇ.

ಆದರೆ ಫಲವೆಷ್ಟು? ಟೊರಾಂಟೋ ವಿಶ್ವವಿದ್ಯಾಲಯದ ಸಂಶೋಧಕರು ಹತ್ತು ವರ್ಷಗಳ ಪ್ರಬಂಧಗಳನ್ನು ಪರಿಶೀಲಿಸಿ 2016ರಲ್ಲಿ ಒಂದು ಲೆಕ್ಕ ಕೊಟ್ಟರು: ಬಹುತೇಕ ಇಲಿಗಳ ಮೇಲೆ ನಡೆದ ಆ ಪ್ರಯೋಗಗಳಲ್ಲಿ ಗಡ್ಡೆಯನ್ನು ಮುಟ್ಟಿದ ನ್ಯಾನೋಕಣಗಳ ಮಧ್ಯಮ ಪ್ರಮಾಣ ಶೇಕಡಾ 0.7. ಸಾವಿರ ಬಾಣಗಳಲ್ಲಿ ಏಳು! ಇದನ್ನು ಗುರಿಯೆನ್ನುವುದು ಹೇಗೆ?

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಕತ್ತಲಲ್ಲಿ ಈ ಔಷಧವು ಬಹುಮಟ್ಟಿಗೆ ನಿಷ್ಕ್ರಿಯ. ವೈದ್ಯನು ಬೆಳಕು ಹಾಯಿಸಿದೆಡೆಯಲ್ಲಿಯೇ ಅದು ಎಚ್ಚರಗೊಳ್ಳುವುದರಿಂದ, ನಿಜವಾದ ಗುರಿಕಾರನು ಕಣವಲ್ಲ, ಬೆಳಕು. ಆ ಬೆಳಕಾದರೋ ಮಾಂಸದಲ್ಲಿ ಸುಮಾರು ಒಂದು ಸೆಂಟಿಮೀಟರಿಗಿಂತ ಆಳಕ್ಕೆ ಪರಿಣಾಮಕಾರಿಯಾಗಿ ಇಳಿಯಲಾರದು. ಮೈಯೆಲ್ಲ ಹರಡಿದ ರೋಗಕ್ಕೆ ಅದೊಂದೇ ಸಾಲದು.

ವಿಜ್ಞಾನಿಗಳು ತಮ್ಮ ಕೊರತೆಯನ್ನು ತಾವೇ ಅಂಕಿಯಲ್ಲಿ ಅಚ್ಚು ಹಾಕಿಸಿದ್ದಾರೆ. ದೋಷವಿರುವುದು ಅದನ್ನು ಕನ್ನಡಕ್ಕೆ ತರುವಾಗ ‘ರಾಮಬಾಣ’ವಾಗಿಸುವ ಲೇಖನಿಯಲ್ಲಿ. ಅಂಥ ಶೀರ್ಷಿಕೆಯನ್ನು ನಂಬಿ ರೋಗಿಯ ಮನೆಯವರು ಶಸ್ತ್ರಚಿಕಿತ್ಸೆಯ ದಿನವನ್ನು ಮುಂದೂಡಿದರೆ ಹೊಣೆ ಯಾರದು? ಔಷಧವನ್ನು ಹೊತ್ತು ಹೋಗುವ ಕಣಕ್ಕೆ ‘ವಾಹಕ’ವೆಂಬ ಹೆಸರು ಸಾಕು. ಪ್ರಯೋಗವು ಇಲಿಯ ಮೇಲೆ ನಡೆದಿದ್ದರೆ ‘ಇಲಿ’ ಎಂಬ ಎರಡಕ್ಷರಗಳನ್ನು ಶೀರ್ಷಿಕೆಯಲ್ಲಿಯೇ ಸೇರಿಸಬೇಕೆಂದು, ವೈದ್ಯರಾಗಿಯೂ ಲೇಖಕರಾಗಿಯೂ ಇರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಅರಿಕೆ.