ಇಪ್ಪತ್ತೊಂದು ತಿರುವುಗಳ ಹರಕೆ

ಹಾಲೆಂಡಿನಲ್ಲಿ ಸೈಕಲ್ಲುಗಳಿಗೆ ಬರವಿಲ್ಲ, ಬೆಟ್ಟಗಳಿಗೆ ಬರ. ಯೂರೋಪಿನೊಳಗಿನ ಆ ನಾಡಿಗೆಲ್ಲ ಎತ್ತರವಾದ ವಾಲ್ಸರ್‌ಬರ್ಗ್ ಗುಡ್ಡವೇ 322 ಮೀಟರು. ಅಲ್ಲಿಯ ಗುಮಾಸ್ತನೊಬ್ಬನು, ಕ್ಯಾನ್ಸರಿನಿಂದ ಅಗಲಿದ ತಂಗಿಯ ಹೆಸರಿನಲ್ಲಿ ಆಲ್ಪ್ಸ್ ಏರುವೆನೆಂದು ನಾಲ್ಕು ಜನರೆದುರು ಮಾತು ಕೊಟ್ಟನೆಂದರೆ, ಅವನಿಗೆ ನಿದ್ರೆ ಬಂದೀತೆ?

ಫ್ರಾನ್ಸಿನ ಆಲ್ಪ್ ದ್ಯುಯೆಜ್ ದಾರಿ ಸುಮಾರು 14 ಕಿಲೋಮೀಟರು, ತಿರುವುಗಳು 21, ನೂರು ಮೀಟರಿಗೆ ಸರಾಸರಿ ಎಂಟು ಮೀಟರಿನ ಏರು. 1952ರಲ್ಲಿ ಟೂರ್ ದ ಫ್ರಾನ್ಸ್ ಮೊದಲ ಬಾರಿ ಇಲ್ಲಿಗೆ ಬಂದಾಗ ಇಟಲಿಯ ಫಾಸ್ಟೋ ಕೊಪ್ಪಿ ಗೆದ್ದನು. 2006ರಲ್ಲಿ ಡಚ್ಚರು ಕ್ಯಾನ್ಸರ್ ನಿಧಿಗಾಗಿ ಇಲ್ಲಿಯೇ ‘ಆಲ್ಪ್ ದ್ಯುಜೆಸ್’ ಆರಂಭಿಸಿದರು. ಅವರ ಭಾಷೆಯಲ್ಲಿ ‘ಜೆಸ್’ ಎಂದರೆ ಆರು. ಒಂದೇ ದಿನ ಆರು ಬಾರಿ ಏರುವುದು ಅದರ ಪರಮಾವಧಿ.

ಬೆಟ್ಟವಿಲ್ಲದವನಿಗೆ ಎದುರುಗಾಳಿಯೇ ಬೆಟ್ಟ. ಸಮುದ್ರದ ಒಡ್ಡಿನ ಮೇಲೆ ಅವನು ತಿಂಗಳುಗಟ್ಟಲೆ ತುಳಿಯುತ್ತಾನೆ. ಆದರೆ ಗಾಳಿ ಒಮ್ಮೊಮ್ಮೆ ನಿಲ್ಲುತ್ತದೆ. ಈ ಏರು ತಿರುವಿನಲ್ಲಿ ಮಾತ್ರ ಕೊಂಚ ಸಡಿಲುವುದು. ಆರಂಭದ ಭಾಗವೇ ಅತಿ ಕಡಿದು. ಅಲ್ಲಿ ಹುಮ್ಮಸ್ಸು ತೋರಿದವನು ಮುಂದೆ ತಡವರಿಸುತ್ತಾನೆ. ಹಗುರವಾದ ಗೇರು, ಹಸಿವಿಗೆ ಮುನ್ನವೇ ಆಹಾರ, ಇಳಿಯುವಾಗ ತಿರುವಿಗೆ ಮೊದಲೇ ಬ್ರೇಕು: ಇವೇ ಅವನ ಮಂತ್ರಗಳು. ಅಂಜದವನು ಇವನ್ನು ಕಲಿಯಲಾರ. ಅಂಜಿಕೆಯೇ ಇಲ್ಲಿ ಗುರು.

ದಾರಿಯ ತಿರುವುಗಳಲ್ಲಿ ಅಗಲಿದವರ ನೆನಪಿಗೆ ಮೇಣದಬತ್ತಿಗಳನ್ನು ಬೆಳಗುತ್ತಾರೆ. ಅವುಗಳೆದುರು ಆರೆಂಬ ಲೆಕ್ಕ ಚಿಕ್ಕದಾಗುತ್ತದೆ. ನಡೆದೇ ಏರುವವರೂ ಉಂಟು. ಒಮ್ಮೆ ಮಾತ್ರ ಏರಿದವನ ಕಾಣಿಕೆಯೂ ಅದೇ ನಿಧಿಗೆ ಸೇರುತ್ತದೆ. ಹರಕೆ ಹೊತ್ತವನಿಗೆ ಬೇಕಾದುದು ಗೆಲುವಲ್ಲ, ಕೊಟ್ಟ ಮಾತನ್ನು ಬುಡದಲ್ಲಿಯೇ ಬಿಟ್ಟು ಹಿಂದಿರುಗದ ಮನಸ್ಸು.